ಬ್ರೇಕ್ ಮೇಷ್ಟ್ರ ನಾಡಿಪಾಠ

ನಮ್ಮ ಮನೆ, ಕಿಟಕಿ ಪಕ್ಕದ ಮೇಜು
ಭಾನುವಾರ, ಊಟವಾದ ಮೇಲೆ

ಪ್ರೀತಿಯ ಇವಳೇ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತಾ? ದೊಡ್ಡವಳ ಮನೆಯ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯೋ ಏನೋ. ಕೂತುಕೋ ಅಂದರೆ ನಿನಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ, ಸ್ವಲ್ಪ ಕೂತುಕೋ. ಬಾಣಂತಿ ಹೇಗಿದ್ದಾಳೆ? ಸರಿಯಾಗಿ ನಿದ್ದೆ ಮಾಡುತ್ತಾಳಾ, ಇಲ್ಲ ಮಗುವಿನ ಜೊತೆ ತಾನೂ ಅಳುತ್ತಾ ಕೂರುತ್ತಾಳಾ? ನೀನು ಕಳಿಸಿದ ಫೋಟೋ ನೋಡಿ, ಮೂಗು ನನ್ನದೇ ಅಂತ ನಾನು ಹೇಳಿದೆನಲ್ಲ, ಆಮೇಲೆ ಅಳಿಯಂದಿರು ಫೋನಿನಲ್ಲಿ ಪಿಟ್ಟೆನ್ನಲಿಲ್ಲ. ಬೇಸರ ಮಾಡಿಕೊಂಡಿದ್ದರೆ ಬಾಯಿ ಅವರದೇ ಅಂತ ನನ್ನ ಪರವಾಗಿ ಹೇಳಿಬಿಡು. ನನಗೇನೂ ನಷ್ಟವಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಅಂತ ಹುಬ್ಬು ಗಂಟಿಕ್ಕಬೇಡ. ವರ್ಷಗಟ್ಟಲೆ ಇಂಜಿನ್ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ಗಂಟಲಿಗೆ ಮೆಲ್ಲಗೆ ಮಾತಾಡುವುದು ಮರೆತೇಹೋಗಿದೆ. ನಾನು ‘ಹಲೋ’ ಅಂದರೆ ಅಲ್ಲಿ ಮಗು ಬೆಚ್ಚಿ ಎದ್ದುಬಿಡುತ್ತದೆ, ನೀನು ‘ಆಮೇಲೆ ಮಾಡ್ತೀನಿ ರೀ’ ಅಂತ ಇಟ್ಟುಬಿಡುತ್ತೀಯ. ಆ ‘ಆಮೇಲೆ’ ಇನ್ನೂ ಬಂದಿಲ್ಲ. ಅದೂ ಅಲ್ಲದೆ, ಹೇಳಬೇಕಾದದ್ದು ಉದ್ದವಿದೆ. ಮಧ್ಯದಲ್ಲಿ ನೀನು ‘ಅಯ್ಯೋ, ನಿಮಗೆ ಯಾಕೆ ಬೇಕಿತ್ತು ರೀ’ ಅಂದರೆ ನನಗೆ ಮುಂದಕ್ಕೆ ಹೋಗಲು ಬರುವುದಿಲ್ಲ. ಕಾಗದದಲ್ಲಿ ನೀನು ಏನೇ ಅಂದರೂ ನನಗೆ ಕೇಳಿಸುವುದಿಲ್ಲ, ಅದೊಂದು ಅನುಕೂಲ.

ವಿಷಯ ಸಣ್ಣವಳ ಕೆಲಸದ್ದು. ಆ ಕೆಲಸ ಹೋಗುವುದರಲ್ಲಿತ್ತು, ನನ್ನಿಂದಲೇ. ಈಗ ಉಳಿದಿದೆ. ಗಾಬರಿಯಾಗಬೇಡ ಅಂತ ಮೊದಲೇ ಹೇಳಿಬಿಟ್ಟೆ. ಅದರ ಜೊತೆಗೆ ನನ್ನ ಆರೋಗ್ಯದ್ದೂ ಒಂದು ವಿಷಯ ಇದೆ, ಅದೂ ಇದರಿಂದಲೇ ಹೊರಗೆ ಬಂದದ್ದು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲಾಗುವುದಿಲ್ಲ, ಹಾಗಾಗಿ ಸಮಾಧಾನವಾಗಿ ಓದು. ಕೊನೆಯ ಪುಟ ಮೊದಲು ತಿರುಗಿಸುವ ನಿನ್ನ ಅಭ್ಯಾಸ ನನಗೆ ಗೊತ್ತು. ತಿರುಗಿಸಬೇಡ.

ನೀನು ಹೊರಡುವಾಗ ಅವಳಿಗೆ ಆರೋಗ್ಯ ಇಲಾಖೆಯಲ್ಲಿ ಸಮೀಕ್ಷೆಯ ಕೆಲಸ ಸಿಕ್ಕಿತ್ತಲ್ಲ. ಯಾವುದೋ ಲಸಿಕೆ ಲೆಕ್ಕ ಇರಬೇಕು ಅಂದುಕೊಂಡಿದ್ದೆವು. ಅದಲ್ಲವಂತೆ. ಎದೆಬಡಿತದ ತಾಳ ತಪ್ಪುವ ಒಂದು ಕಾಯಿಲೆಯ ಬಗ್ಗೆ ಜನಕ್ಕೆ ಎಷ್ಟು ಗೊತ್ತು ಅಂತ ಮನೆಮನೆಗೆ ಹೋಗಿ ಕೇಳುವುದು. ಏಟ್ರಿಯಲ್ ಫಿಬ್ರಿಲೇಷನ್ ಅಂತ ಅದರ ಹೆಸರು. ಎರಡು ದಿನ ಬಾಯಿಪಾಠ ಮಾಡಿ ಈಗ ತೊದಲದೆ ಹೇಳುತ್ತೇನೆ. ಹೃದಯದ ಮೇಲಿನ ಎರಡು ಕೋಣೆಗಳು ಗಟ್ಟಿಯಾಗಿ ಹಿಂಡಿ ರಕ್ತ ತಳ್ಳುವ ಬದಲು ಸುಮ್ಮನೆ ಅದುರುತ್ತಾ ಇರುತ್ತವಂತೆ. ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಹರಿದು ಮೆದುಳಿಗೆ ಹೋಗಿ ಸಿಕ್ಕಿಕೊಂಡರೆ ಪಾರ್ಶ್ವವಾಯು. ವಯಸ್ಸಾದವರಲ್ಲಿ ಬೇಕಾದಷ್ಟು ಜನಕ್ಕೆ ಇರುತ್ತದೆ, ಎಷ್ಟೋ ಜನಕ್ಕೆ ಅದು ಇದೆ ಅನ್ನುವುದೇ ತಿಳಿದಿರುವುದಿಲ್ಲ. ಮಾತ್ರೆ ಇದೆ, ಮಾತ್ರೆಯಿಂದ ಆ ಹೆಪ್ಪು ಬಹುಮಟ್ಟಿಗೆ ತಪ್ಪುತ್ತದೆ, ಆದರೆ ಕಾಯಿಲೆ ಇದೆ ಅಂತ ಗೊತ್ತಾದರೆ ತಾನೇ ಮಾತ್ರೆ! ಇಷ್ಟನ್ನೂ ಸಣ್ಣವಳು ಊಟದ ಮೇಜಿನಲ್ಲಿ ನನಗೆ ಹೇಳಿದಳು. ಪ್ರಶ್ನೆಗಳನ್ನು ಸರಾಗವಾಗಿ ಕೇಳುವುದಕ್ಕೆ ನನ್ನ ಮೇಲೇ ಅಭ್ಯಾಸ ಮಾಡಿದಳು. ನಾನು ಒಂದಕ್ಕೂ ಉತ್ತರ ಹೇಳಲಿಲ್ಲ ಮೊದಲು. ಆಮೇಲೆ ಒಂದೊಂದಕ್ಕೂ ಸರಿ ಉತ್ತರ ಏನು ಅಂತ ಪೀಡಿಸಿ ಪೀಡಿಸಿ ಕೇಳಿ, ಎಲ್ಲವನ್ನೂ ಅರೆದು ಕುಡಿದುಬಿಟ್ಟೆ.

ಮೊದಲ ದಿನ ಅವಳು ಮಾರ್ಕೆಟ್ ಹಿಂದಿನ ಬೀದಿಗೆ ಹೋಗಿ ಬಂದಳು. ಮುಖ ಸಪ್ಪಗಿತ್ತು. ಏನಾಯಿತೇ ಅಂದರೆ, ಅಲ್ಲಿ ಯಾರಿಗೂ ಏನೂ ಗೊತ್ತಿಲ್ಲವಂತೆ. ಒಬ್ಬರು ಅದು ಗ್ಯಾಸಿನಿಂದ ಬರುತ್ತದೆ ಅಂದರು, ಒಬ್ಬರು ಸೊಸೆಯಿಂದ ಬರುತ್ತದೆ ಅಂದರು, ಇನ್ನೊಬ್ಬರು ‘ನಮ್ಮ ಮನೇಲಿ ಕಾಯಿಲೆ ವಿಷಯ ಎಲ್ಲಾ ನನ್ನ ಹೆಂಡ್ತಿ ನೋಡ್ಕೋತಾಳೆ’ ಅಂತ ಬಾಗಿಲು ಹಾಕಿಕೊಂಡರು. ನೀನೇ ಯೋಚಿಸು ಇವಳೇ. ಹೊಸ ಕೆಲಸ, ಇನ್ನೂ ಖಾಯಂ ಆಗಿಲ್ಲ, ಮೊದಲ ದಿನವೇ ಇಡೀ ಬೀದಿ ಫೇಲ್. ‘ನಿನ್ನ ಮೇಲಿನವರು ಬೈದ್ರಾ?’ ಅಂತ ಕೇಳಿದೆ. ಅವಳು ನಕ್ಕು, ‘ಗೊತ್ತಿಲ್ಲ ಅನ್ನೋದೂ ಉತ್ತರಾನೇ ಅಪ್ಪ. ಎಲ್ಲೆಲ್ಲಿ ಗೊತ್ತಿಲ್ಲ ಅಂತ ತಿಳಿದ್ರೆ ತಾನೇ, ಎಲ್ಲಿ ಹೋಗಿ ಹೇಳಿಕೊಡಬೇಕು ಅಂತ ಗೊತ್ತಾಗೋದು? ನಂಗೆ ಬರೀ ಸುಸ್ತಾಗಿದೆ, ಅಷ್ಟೇ’ ಅಂದಳು. ನಾನು ನಂಬಲಿಲ್ಲ. ನಿನ್ನ ಮಕ್ಕಳಿಬ್ಬರೂ ಬೇಜಾರನ್ನು ಸುಸ್ತು ಅಂತಲೇ ಹೇಳುವುದು. ಫೇಲಾದರೂ ಪರವಾಗಿಲ್ಲ ಅನ್ನುವ ಪರೀಕ್ಷೆಯನ್ನು ನಾನು ಎಲ್ಲೂ ಕಂಡಿಲ್ಲ.

ಅದೇ ಹೊತ್ತಿಗೆ ಅವಳ ಬಾಯಿಂದ ಬಂತು, ಗುರುವಾರ ನಮ್ಮ ಬೀದಿಯ ಸರದಿ ಅಂತ. ನನ್ನ ಕಸುಬಿನ ರೀತಿ ನಿನಗೆ ಗೊತ್ತೇ ಇದೆ. ಡ್ರೈವಿಂಗ್ ಟೆಸ್ಟಿನ ಹಿಂದಿನ ದಿನ ಕಲಿಯುವವರನ್ನು ಟೆಸ್ಟ್ ನಡೆಯುವ ಅದೇ ರಸ್ತೆಗೆ ಕರೆದುಕೊಂಡು ಹೋಗಿ, ಇನ್‌ಸ್ಪೆಕ್ಟರ್ ಎಲ್ಲಿ ತಿರುಗಿಸು ಅನ್ನುತ್ತಾರೋ ಅಲ್ಲೇ ತಿರುಗಿಸಿ, ಯಾವ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರುತ್ತದೋ ಅಲ್ಲೇ ನಿಲ್ಲಿಸಿ ಹೊರಡಿಸದೆ ನಾನು ಯಾರನ್ನೂ ಪರೀಕ್ಷೆಗೆ ಕಳಿಸಿದವನಲ್ಲ. ಬ್ರೇಕ್ ಮೇಷ್ಟ್ರ ಹತ್ತಿರ ಕಲಿತವರು ಎರಡನೇ ಸಲ ಟೆಸ್ಟಿಗೆ ನಿಲ್ಲುವುದಿಲ್ಲ ಅನ್ನುವ ಹೆಸರು ಸುಮ್ಮನೆ ಬಂದದ್ದಾ? ಹೊರಗಿನವರ ಮಕ್ಕಳಿಗೆಲ್ಲ ಇಷ್ಟು ಮಾಡಿದವನು ಸ್ವಂತ ಮಗಳಿಗಾಗಿ ಕೈಕಟ್ಟಿ ಕೂರಲೇ? ಬುಧವಾರ ಬೆಳಗ್ಗೆ ಅವಳು ಆ ಕಡೆ ಹೋದಳು, ಈ ಕಡೆ ನಾನು ಗಾಡಿಯನ್ನು ಬೀದಿ ನಡುವಿನ ಮರದ ನೆರಳಿಗೆ ತಂದು ನಿಲ್ಲಿಸಿ ಪಾಠ ಶುರುಮಾಡಿದೆ. ಗಾಡಿಯಲ್ಲಿ ಯಾಕೆ ಅನ್ನಬೇಡ. ಸೀಟಿನಲ್ಲಿ ಕೂರದೆ, ಕಾಲ ಕೆಳಗೆ ನನ್ನ ಕಡೆಯ ಬ್ರೇಕ್ ಇಲ್ಲದೆ, ನನಗೆ ಪಾಠ ಹೇಳುವುದಕ್ಕೆ ನಾಲಿಗೆಯೇ ಹೊರಳುವುದಿಲ್ಲ.

ಎಲ್ಲರೂ ಬಂದರು. ಟೈಲರಮ್ಮ ಬಂದರು, ಕಟಿಂಗ್ ಅಂಗಡಿಯವನು ಗಿರಾಕಿಯನ್ನು ಅರ್ಧ ಗಡ್ಡದಲ್ಲಿ ಕೂರಿಸಿ ಬಂದ, ಪಕ್ಕದ ಮನೆ ಅಜ್ಜಿ ಮುಂದಿನ ಸೀಟೇ ಬೇಕು ಅಂತ ಹಟ ಹಿಡಿದು ಕೂತರು. ಪಾರ್ಶ್ವವಾಯು ಅನ್ನುವುದನ್ನು ಎಲ್ಲರ ಬಾಯಲ್ಲೂ ಹೇಳಿಸಿದೆ. ಮುಖ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಒಂದು ನಿಮಿಷ ಕಾಯದೆ ಆಸ್ಪತ್ರೆಗೆ ಹೋಗಬೇಕು ಅಂತ ಹೇಳಿಸಿದೆ. ಎಲ್ಲವನ್ನೂ ಸರಿಯಾಗಿಯೇ ಹೇಳಿಕೊಟ್ಟೆ, ಬೇಕಾದರೆ ಸಣ್ಣವಳನ್ನೇ ಕೇಳು. ಉಳಿದದ್ದು ಒಂದೇ. ಸಮೀಕ್ಷೆಯ ಕೊನೆಯಲ್ಲಿ ಆಫೀಸಿನ ಫೋನಿನಲ್ಲಿ ಎರಡು ಸದ್ದು ಕೇಳಿಸುತ್ತಾರೆ. ಒಂದು ಆರೋಗ್ಯವಂತರ ನಾಡಿಯದು, ಇನ್ನೊಂದು ಈ ಕಾಯಿಲೆಯವರದು. ಯಾವುದು ಆರೋಗ್ಯವಂತರದು ಅಂತ ಹೇಳಬೇಕು. ಆ ಫೋನನ್ನು ಅವಳು ಸಂಜೆ ಆಫೀಸಿನಲ್ಲೇ ಒಪ್ಪಿಸಿ ಬರುವುದರಿಂದ ಆ ಸದ್ದು ನಾನು ಕೇಳಿರಲಿಲ್ಲ. ಹಾಗಂತ ಪಾಠ ಅರ್ಧಕ್ಕೆ ಬಿಡಲಾಗುತ್ತದಾ? ಯೋಚಿಸಿದೆ. ಆರೋಗ್ಯವಂತರ ನಾಡಿ ತಾನೇ ಬೇಕಾದದ್ದು? ನಾನೇ ಇದ್ದೇನಲ್ಲ! ನೆಗಡಿಗೂ ಮಾತ್ರೆ ನುಂಗದವನು, ಈ ವಯಸ್ಸಿನಲ್ಲೂ ಗಾಡಿಯ ಟೈರ್ ತಾನೇ ಬಿಚ್ಚುವವನು. ಕೈ ಹಿಂದಕ್ಕೆ ಚಾಚಿ, ‘ಹಿಡಿರಿ, ಮೂರು ಬೆರಳಿಡಿ. ಇದು ಸರಿಯಾದ ನಾಡಿ. ಇದನ್ನ ಮನಸ್ಸಿಗೆ ಹಾಕ್ಕೊಳ್ಳಿ’ ಅಂದೆ.

ಒಬ್ಬರಾದ ಮೇಲೆ ಒಬ್ಬರು ಹಿಡಿದರು. ಕಟಿಂಗ್ ಅಂಗಡಿಯವನು ಬಾಯಲ್ಲಿ ಹೇಳಿಯೂ ತೋರಿಸಿದ. ಟಕ್, ಆಮೇಲೆ ಟಕ್‌ಟಕ್, ಒಂದು ಬಿಡುವು, ಮತ್ತೆ ಟಕ್, ಸಣ್ಣದೊಂದು, ಮತ್ತೆ ಓಟ. ಬಾಯಿಪಾಠ ಮಾಡುವುದು ಕಷ್ಟ ಅಂದ. ಮನೆಗೆ ಹೋಗಿ ತಮ್ಮ ತಮ್ಮ ಕೈ ಹಿಡಿದುಕೊಂಡು ನೋಡಿಕೊಂಡಿದ್ದಾರೆ, ಅಲ್ಲಿಗೆ ಶುರುವಾಯಿತು. ಟೈಲರಮ್ಮ ಅಳುವುದೊಂದು ಬಾಕಿ, ಓಡಿ ಬಂದರು. ‘ಮೇಷ್ಟ್ರೇ, ನಂದು ಒಂದೇ ಸಮ ಹೋಗ್ತಾ ಇದೆ. ನಿಮ್ಮದರ ಥರ ನಿಲ್ಲೋದೂ ಇಲ್ಲ, ಓಡೋದೂ ಇಲ್ಲ. ಏನು ಮಾಡ್ಲಿ?’ ನಾನು ಸಮಾಧಾನ ಹೇಳಿದೆ, ‘ಮಿಷನ್ ತುಳಿದೂ ತುಳಿದೂ ಹಾಗಾಗಿರುತ್ತೆ. ಎರಡು ದಿನ ಹೊಲಿಗೆ ಬಿಟ್ಟು ಮಲಗಿ.’ ಕಟಿಂಗ್ ಅಂಗಡಿಯವನು, ‘ನಂದೂ ಹಾಗೇ ಇದೆ, ಟಿಕ್ ಟಿಕ್ ಅಂತ ಒಂದೇ ರಾಗ’ ಅಂದ. ‘ನಿಂದು ಇನ್ನೂ ಹೊಸ ಗಾಡಿ ಕಣಯ್ಯ, ಪಳಗಬೇಕು’ ಅಂದೆ. ನಗಬೇಡ ಇವಳೇ. ಹೇಳುವಾಗ ನನಗೆ ಒಂದಿಷ್ಟೂ ಅನುಮಾನ ಇರಲಿಲ್ಲ. ಅವರ ಕೈ ಹಿಡಿದು ನೋಡಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಮೇಷ್ಟ್ರ ಕೈ ಹಿಡಿದು ನೋಡುವುದು ಕಲಿಯುವವರ ಕೆಲಸ, ಕಲಿಯುವವರ ಕೈ ಹಿಡಿದು ನೋಡುವುದು ಮೇಷ್ಟ್ರ ಕೆಲಸವಲ್ಲ ಅಂದುಕೊಂಡಿದ್ದೆ.

ಗುರುವಾರ ಬೆಳಗ್ಗೆ ಸಣ್ಣವಳು ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು ನಮ್ಮ ಬೀದಿಗೆ ಬಂದಳು. ನಾನು ಗಾಡಿ ತೊಳೆಯುವ ನೆಪದಲ್ಲಿ ಹೊರಗೇ ನಿಂತಿದ್ದೆ, ಮೈಯೆಲ್ಲ ಕಿವಿಯಾಗಿ. ಮೊದಲು ಅಜ್ಜಿಯ ಮನೆ. ಅಜ್ಜಿ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಒಂದು ಪ್ರಶ್ನೆ ಕೇಳಿದರೆ ಎರಡಕ್ಕೆ ಉತ್ತರ. ‘ಹೆಪ್ಪು ಮೆದುಳಿಗೆ ಹೋದ್ರೆ ಪಾರ್ಶ್ವವಾಯು ಕಣಮ್ಮ. ಈಗ ಯಾರಿಗೆ ಜಾಸ್ತಿ ಬರುತ್ತೆ ಅಂತ ಕೇಳ್ತೀಯಲ್ಲ, ವಯಸ್ಸಾದವರಿಗೆ, ಬಿಪಿ ಇರೋರಿಗೆ’ ಅಂತ ಕೇಳುವ ಮೊದಲೇ ಹೇಳಿಬಿಟ್ಟರು. ಸಣ್ಣವಳು ತಲೆಯೆತ್ತಿ ಅಜ್ಜಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಚಕ್ರ ಉಜ್ಜುತ್ತಿದ್ದೆ. ಕೊನೆಗೆ ಫೋನಿನಲ್ಲಿ ಸದ್ದು ಹಾಕಿದಳು. ಮೊದಲನೆಯದು ಒಂದೇ ಸಮ, ಟಿಕ್, ಟಿಕ್, ಟಿಕ್. ಅಜ್ಜಿ ಮುಖ ಸಿಂಡರಿಸಿ, ‘ಥೂ, ಇದು ಕಾಯಿಲೆ’ ಅಂದರು. ಎರಡನೆಯದು ಓಡಿ, ನಿಂತು, ಎಡವಿ ಬಂತು. ಅಜ್ಜಿ ಕಣ್ಣರಳಿಸಿ, ‘ಹಾಂ, ಇದು ನೋಡು ಆರೋಗ್ಯ!’ ಅಂದರು. ಟೈಲರಮ್ಮನ ಮನೆಯಲ್ಲೂ ಅದೇ, ಕಟಿಂಗ್ ಅಂಗಡಿಯಲ್ಲೂ ಅದೇ, ಬೀದಿಯ ಆ ತುದಿಯವರೆಗೂ ಅದೇ. ನನಗಂತೂ ಹೆಮ್ಮೆಯೋ ಹೆಮ್ಮೆ.

ಸಂಜೆ ಅವಳು ಬಂದು ಚೀಲ ಕೆಳಗಿಟ್ಟು, ಚಪ್ಪಲಿಯನ್ನೂ ಬಿಚ್ಚದೆ ಕೂತಳು. ‘ಅಪ್ಪ, ಬೀದಿಯವರಿಗೆ ಪಾಠ ಮಾಡಿದ್ಯಾ?’ ಅಂದಳು. ‘ಮಾಡ್ದೇ ಇರ್ತೀನಾ!’ ಅಂದೆ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ‘ಊರಲ್ಲಿ ಯಾರಿಗೂ ಗೊತ್ತಿಲ್ಲದ್ದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು, ಅದೂ ಒಂದೇ ಮಾತಲ್ಲಿ. ತಪ್ಪಾದದ್ದು ಒಂದೇ ಒಂದು, ಅದೂ ಎಲ್ಲರಿಗೂ ಒಂದೇ ಥರ ತಪ್ಪಾಗಿದೆ. ನಾನು ಮನೇಲಿ ಕೂತು ಉತ್ತರ ತುಂಬಿಸಿದೀನಿ ಅಂತ ನಮ್ಮ ಆಫೀಸಿನ ಮೇಡಂಗೆ ಅನುಮಾನ ಬಂದಿದೆ. ನಾಳೆ ಬಾ ಅಂದಿದಾರೆ, ಮುಂದೆ ಕೆಲಸ ಇರುತ್ತೋ ಇಲ್ವೋ’ ಅಂತ ಮೆಲ್ಲಗೆ ಹೇಳಿದಳು. ಆಗ ನನಗೆ ಅರ್ಥವಾಯಿತು ನಾನು ಎಂಥಾ ಕೆಲಸ ಮಾಡಿದ್ದೇನೆ ಅಂತ. ಗೊತ್ತಿಲ್ಲ ಅನ್ನುವುದೂ ಉತ್ತರ ಅಂತ ಅವಳು ಹೇಳಿದ್ದು ಬರೀ ಸಮಾಧಾನದ ಮಾತಾಗಿರಲಿಲ್ಲ. ಜನಕ್ಕೆ ಇರುವಷ್ಟೇ ತಿಳಿವಳಿಕೆಯನ್ನು, ಇರುವ ಹಾಗೇ ಅಳೆದುಕೊಂಡು ಬರುವುದು ಅವಳ ಕೆಲಸ. ನಾನು ತಕ್ಕಡಿಯ ಮೇಲೆ ಕೈಯಿಟ್ಟು ಒತ್ತಿದ್ದೆ. ಆ ಸಂಜೆ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ. ನೀನಿದ್ದಿದ್ದರೆ ನನಗೆ ಎರಡು ಬೈದು ಅವಳಿಗೆ ತುತ್ತು ಮಾಡಿ ಕೊಡುತ್ತಿದ್ದೆ.

ಮಾರನೆಯ ದಿನ ಅವಳ ಹಿಂದೆಯೇ ನಾನೂ ಹೊರಟೆ. ಬೇಡ ಅಂದಳು. ಬಂದೇ ಬರುತ್ತೇನೆ ಅಂದೆ. ಟೆಸ್ಟಿನ ದಿನ ಹಾಕಿಕೊಳ್ಳುವ ತಿಳಿನೀಲಿ ಅಂಗಿ ಹಾಕಿಕೊಂಡಿದ್ದೆ. ಆಫೀಸು ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಮಧ್ಯದಲ್ಲಿ ಒಂದು ಕಡೆ ನಿಂತು ಗೋಡೆಯ ಮೇಲಿನ ಸೂಚನಾಫಲಕ ಓದುವವನ ಹಾಗೆ ಉಸಿರು ತಗೊಂಡೆ. ಮೇಡಂ ಅಂದರೆ ಹೇಗಿರುತ್ತಾರೋ ಅಂದುಕೊಂಡಿದ್ದೆ, ನಿನ್ನ ವಯಸ್ಸಿನವರು, ಮೊದಲು ನರ್ಸ್ ಆಗಿದ್ದವರಂತೆ. ಚಿಕ್ಕ ಕೋಣೆ, ಮೇಜಿನ ಮೇಲೆ ಅರ್ಧ ಕುಡಿದ ಟೀ. ಕೂರಿಸಿದರು. ನಾನು ಒಂದೇ ಉಸಿರಿಗೆ ಎಲ್ಲ ಒಪ್ಪಿಸಿದೆ, ಮರದ ನೆರಳು, ಅಜ್ಜಿಯ ಮುಂದಿನ ಸೀಟು, ಎಲ್ಲ. ‘ನನ್ನ ಮಗಳಿಗೆ ಇದರಲ್ಲಿ ಏನೂ ಗೊತ್ತಿಲ್ಲ ಮೇಡಂ. ತಪ್ಪು ನಂದು. ಅವಳನ್ನ ತೆಗೀಬೇಡಿ’ ಅಂದೆ. ಅವರಿಗೆ ನಗು ಬಂತೋ ಏನೋ, ಟೀ ಲೋಟ ಅಡ್ಡ ಹಿಡಿದರು. ಆಮೇಲೆ ಕೇಳಿದರು, ‘ಸರಿ, ಎಲ್ಲಾ ಇಷ್ಟು ಚೆನ್ನಾಗಿ ಹೇಳಿಕೊಟ್ಟಿದೀರ. ಆ ಸದ್ದು ಮಾತ್ರ ಎಲ್ಲರಿಗೂ ಉಲ್ಟಾ ಯಾಕೆ ಹೇಳಿಕೊಟ್ರಿ?’

ಉಲ್ಟಾ ಅಂದದ್ದಕ್ಕೆ ನನಗೆ ಸಿಟ್ಟು ಬಂತು. ತಪ್ಪು ಒಪ್ಪಿಕೊಳ್ಳುವುದಕ್ಕೆ ಹೋದವನು, ನಿಜ. ಹಾಗಂತ ನನ್ನ ಪಾಠವನ್ನೇ ತಪ್ಪು ಅಂದರೆ? ಅಂಗಿಯ ತೋಳು ಮಡಚಿ, ‘ಉಲ್ಟಾ ಆಗೋಕೆ ಸಾಧ್ಯವೇ ಇಲ್ಲ. ನಾನು ತೋರಿಸಿದ್ದು ಇದೇ ಕೈ. ಬೇಕಾದ್ರೆ ನೀವೇ ನೋಡಿ’ ಅಂತ ಕೈಯನ್ನು ಮೇಜಿನ ಮೇಲೆ ಚಾಚಿದೆ. ಅವರು ಸುಮ್ಮನೆ ನನ್ನ ಮನಸ್ಸಿಗಾಗಿ ಅನ್ನುವ ಹಾಗೆ ಬೆರಳಿಟ್ಟರು. ಇಟ್ಟವರು ತೆಗೆಯಲಿಲ್ಲ. ಮುಖದ ಮೇಲಿದ್ದ ನಗು ಹೋಯಿತು. ಆ ಕೈ ಬಿಟ್ಟು ಈ ಕೈ ಹಿಡಿದರು. ‘ಮೆಟ್ಟಿಲು ಹತ್ತಿ ಬಂದಿದೀನಲ್ಲ, ಅದಕ್ಕೆ ಸ್ವಲ್ಪ...’ ಅಂದೆ. ಅವರು ಬಾಗಿಲಾಚೆ ನಿಂತಿದ್ದ ಸಣ್ಣವಳನ್ನು ಒಳಗೆ ಕರೆದು, ‘ನೋಡಮ್ಮ’ ಅಂತ ಅವಳ ಬೆರಳನ್ನು ನನ್ನ ಕೈ ಮೇಲೆ ಇಟ್ಟರು. ಆ ಎರಡು ಸದ್ದನ್ನು ಅವಳು ಎಷ್ಟು ಮನೆಗಳಲ್ಲಿ ಕೇಳಿಸಿದ್ದಳು! ಅವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ನನಗೂ ಹೇಳಬೇಕಾಗಲಿಲ್ಲ, ಅವಳ ಮುಖ ನೋಡಿದೆ, ಸಾಕಾಯಿತು. ಊರೆಲ್ಲ ಹುಡುಕಿಕೊಂಡು ಹೋದ ಕಾಯಿಲೆ ಅವಳ ಎದುರಿಗೇ ಕೂತು ದಿನಾ ಊಟ ಮಾಡುತ್ತಿತ್ತು. ಅವಳು ನನ್ನ ಕೈ ಬಿಡಲೇ ಇಲ್ಲ ಇವಳೇ. ಮೆಟ್ಟಿಲಿಳಿಯುವಾಗಲೂ, ರಸ್ತೆ ದಾಟುವಾಗಲೂ, ಚಿಕ್ಕಂದಿನಲ್ಲಿ ಸ್ಕೂಲಿಗೆ ಹೋಗುವಾಗ ಹಿಡಿದುಕೊಳ್ಳುತ್ತಿದ್ದ ಹಾಗೆ ಹಿಡಿದುಕೊಂಡೇ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿ ಕಾಗದದ ಮೇಲೆ ಗೆರೆ ಬರೆಸಿದರು. ಡಾಕ್ಟರು ಯಾರು ಅಂದುಕೊಂಡೆ? ನನ್ನ ಹತ್ತಿರ ಗಾಡಿ ಕಲಿತವಳೇ! ರಿವರ್ಸ್ ಹಾಕುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳಲ್ಲ, ಅವಳು. ಈಗ ಕನ್ನಡಕ ಹಾಕಿಕೊಂಡು ದೊಡ್ಡ ಡಾಕ್ಟರು. ಗೆರೆ ನೋಡಿ, ಅದೇ ಕಾಯಿಲೆ ಮೇಷ್ಟ್ರೇ, ಅನುಮಾನ ಇಲ್ಲ ಅಂದಳು. ಎರಡು ಥರದ ಮಾತ್ರೆ. ಒಂದು ಬಡಿತದ ಓಟ ತಗ್ಗಿಸುವುದಕ್ಕೆ, ಒಂದು ರಕ್ತ ಹೆಪ್ಪುಗಟ್ಟದ ಹಾಗೆ. ಆ ಎರಡನೆಯದನ್ನು ಒಂದು ದಿನವೂ ಬಿಡುವ ಹಾಗಿಲ್ಲ, ರಕ್ತ ಬೇಗ ನಿಲ್ಲುವುದಿಲ್ಲವಾದ್ದರಿಂದ ಗಾಯ ಮಾಡಿಕೊಳ್ಳುವ ಹಾಗೂ ಇಲ್ಲ. ಇಲ್ಲಿಯವರೆಗೆ ನಾನು ತಲೆಯಾಡಿಸಿದೆ. ‘ಮುಂದಿನ ಸಲ ನೋಡೋವರೆಗೂ ಗಾಡಿ ಬಿಡಬೇಡಿ, ಪಾಠಾನೂ ಬೇಡ’ ಅಂದಾಗ ತಲೆ ನಿಂತಿತು. ನನ್ನ ಗಾಡಿಗೆ ಎರಡು ಬ್ರೇಕ್ ಇದೆಯಮ್ಮ ಅಂದೆ. ‘ನಿಮ್ಮ ಕಡೆ ಬ್ರೇಕ್ ಒತ್ತೋರು ನೀವೇ ತಾನೇ? ನಿಮಗೇ ತಲೆ ಸುತ್ತಿದ್ರೆ ಕಲಿಯೋ ಹುಡುಗಿ ಗತಿ ಏನು?’ ಅಂದಳು. ಕಲಿಯುವ ಹುಡುಗಿಯ ಮಾತು ಎತ್ತಿದ ಮೇಲೆ ಗಾಡಿಯ ಕೀ ತೆಗೆದು ಮೇಜಿನ ಮೇಲಿಟ್ಟೆ. ಅದು ಈಗ ಸಣ್ಣವಳ ಚೀಲದಲ್ಲಿದೆ. ಮಾತ್ರೆ ತಪ್ಪದೆ ನುಂಗುತ್ತಿದ್ದೇನೆ. ನುಂಗಿದ ಮೇಲೆ ಬಾಯಿ ತೆರೆದು ತೋರಿಸಬೇಕು ಅನ್ನುವುದು ನಿನ್ನ ಮಗಳ ಕಾನೂನು. ಅವಳಿಗೆ ಈ ಅಧಿಕಾರ ಯಾರು ಕೊಟ್ಟರೋ ಗೊತ್ತಿಲ್ಲ, ನೋಡಿದರೆ ಥೇಟ್ ನೀನೇ.

ಅವಳ ಕೆಲಸಕ್ಕೆ ತೊಂದರೆಯಿಲ್ಲ. ನಮ್ಮ ಬೀದಿಯನ್ನು ಲೆಕ್ಕದಿಂದ ಕೈಬಿಟ್ಟು ಬೇರೆ ಬೀದಿ ಹಾಕಿಕೊಂಡರಂತೆ. ಮೇಡಂ ನನಗೊಂದು ಮಾತು ಹೇಳಿ ಕಳಿಸಿದ್ದಾರೆ. ಅಳೆಯುವುದು ಮುಗಿಯುವವರೆಗೂ ಮೇಷ್ಟ್ರು ಬಾಯಿಗೆ ಬೀಗ ಹಾಕಿಕೊಂಡಿರಲಿ, ಮುಗಿದ ಮೇಲೆ ಎಷ್ಟು ಬೀದಿಗೆ ಬೇಕಾದರೂ ಪಾಠ ಮಾಡಲಿ, ನಾವೇ ಕರೆದುಕೊಂಡು ಹೋಗುತ್ತೇವೆ ಅಂತ. ನಮ್ಮ ಬೀದಿಯವರಿಗೆ ಮಾತ್ರ ನಿನ್ನೆ ಮನೆಮನೆಗೆ ಹೋಗಿ ಉಲ್ಟಾ ಆದದ್ದನ್ನು ನೆಟ್ಟಗೆ ಮಾಡಿ ಬಂದೆ. ಟೈಲರಮ್ಮ ಎರಡು ದಿನ ಹೊದ್ದು ಮಲಗಿದ್ದವರು ತಟ್ಟನೆ ಎದ್ದು ಕೂತು, ನನ್ನನ್ನು ಏನೇನು ಬೈದರೋ ಅದನ್ನು ಬಾಣಂತಿ ಇರುವ ಮನೆಗೆ ಬರೆಯಬಾರದು. ಬೈದು ಮುಗಿಸಿ, ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಕಟಿಂಗ್ ಅಂಗಡಿಯವನು ಇನ್ನು ಮುಂದೆ ನನ್ನ ಗಡ್ಡವನ್ನು ತಾನೇ ಮಷಿನ್ನಿನಲ್ಲಿ ತೆಗೆಯುತ್ತಾನಂತೆ, ಬ್ಲೇಡು ಮುಟ್ಟಕೂಡದಂತೆ. ಮುಂದೆ ಪಾಠಕ್ಕೆ ಹೋಗುವಾಗ ಅವನೂ ಬರುತ್ತಾನೆ. ಸರಿಯಾದ ನಾಡಿ ಬೇಕಾದವರು ಅವನ ಕೈ ಹಿಡಿಯುವುದು, ಕೆಟ್ಟದ್ದು ಬೇಕಾದವರು ನನ್ನ ಕೈ ಹಿಡಿಯುವುದು ಅಂತ ಮಾತಾಗಿದೆ. ಅಜ್ಜಿ ಮಾತ್ರ ಒಪ್ಪಿಲ್ಲ. ಮೇಷ್ಟ್ರದೇ ಸರಿ, ಫೋನೇ ಕೆಟ್ಟಿರಬೇಕು ಅನ್ನುತ್ತಾರೆ.

ಇಷ್ಟೇ ವಿಷಯ. ನನಗೇನೂ ನೋವಿಲ್ಲ, ಉಂಡದ್ದು ಜೀರ್ಣವಾಗುತ್ತದೆ, ಗಿಡಗಳಿಗೆ ನೀರು ಹಾಕುತ್ತಿದ್ದೇನೆ. ಇಲ್ಲಿಯ ಚಿಂತೆ ಬಿಟ್ಟು ಮಗುವಿಗೆ ಕುತ್ತಿಗೆ ನಿಲ್ಲುವವರೆಗೂ ಅಲ್ಲೇ ಆರಾಮಾಗಿ ಇದ್ದು ಬಾ, ಅವಸರವೇನಿಲ್ಲ. ದೊಡ್ಡವಳಿಗೆ ಅಪ್ಪ ತಲೆ ಸವರಿದರು ಅಂತ ಹೇಳು. ಮಗುವಿಗೆ ನನ್ನ ಆಯುಸ್ಸಿನಲ್ಲಿ ಒಂದು ಪಾಲು. ಅಳಿಯಂದಿರನ್ನು ಕೇಳಿದೆ ಅಂತ ಹೇಳು, ಮೂಗಿನ ವಿಷಯ ಮತ್ತೆ ಎತ್ತುವುದಿಲ್ಲ.

ಇಂತಿ,
ನೀನು ‘ರೀ’ ಅಂತ ಕರೆದರೆ ಓಗೊಡುವವನು

ತಾ. ಕ.: ಸಣ್ಣವಳು ಇದನ್ನು ಅಂಚೆಗೆ ಹಾಕುವುದಕ್ಕೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಡಾಕ್ಟರು ಇನ್ನೊಂದು ಮಾತು ಕೇಳಿದ್ದಳು, ಮೇಲೆ ಬರೆಯದೆ ಬಿಟ್ಟೆ. ಇದು ಯಾವಾಗಿನಿಂದ ಹೀಗಿದೆ ಅಂತ. ಮುಂದೆ ಏನು ಮಾಡಬೇಕು ಅನ್ನುವುದು ಸ್ವಲ್ಪ ಅದರ ಮೇಲೂ ಇದೆಯಂತೆ. ನಾನು ಗೊತ್ತಿಲ್ಲ ಅಂದೆ. ಸಣ್ಣವಳೂ ಗೊತ್ತಿಲ್ಲ ಅಂದಳು. ಗೊತ್ತಿರುವುದಾದರೆ ಈ ಲೋಕದಲ್ಲಿ ನಿನಗೊಬ್ಬಳಿಗೇ. ಇಷ್ಟು ವರ್ಷ ಈ ಎದೆಯ ಮೇಲೆ ತಲೆಯಿಟ್ಟು ಮಲಗಿದವಳು ನೀನು. ಮೊದಲು ಹೇಗಿತ್ತು, ಯಾವಾಗ ಬದಲಾಯಿತು, ನೆನಪಿದೆಯಾ? ಇಲ್ಲ, ಬೀದಿಯವರ ಹಾಗೆ ನೀನೂ ನನ್ನದನ್ನೇ ಸರಿ ಅಂದುಕೊಂಡು ಮಲಗಿಬಿಡುತ್ತಿದ್ದೆಯಾ? ಫೋನಿನಲ್ಲಿ ಹೇಳಬೇಡ. ನನಗೆ ಹೆದರಿಕೆಯಾಗಿದೆ ಕಣೇ, ಸಣ್ಣವಳ ಮುಂದೆ ತೋರಿಸಿಕೊಂಡಿಲ್ಲ. ಅವಸರವಿಲ್ಲ ಅಂತ ಮೇಲೆ ಬರೆದದ್ದನ್ನು ಹೊಡೆದುಹಾಕು. ಎರಡು ದಿನದ ಮಟ್ಟಿಗಾದರೂ ಬಂದು, ಕಿವಿಯಿಟ್ಟು ಕೇಳಿ, ನೀನು ಬಿಟ್ಟುಹೋದದ್ದು ಇದೇನಾ ಅಂತ ಹೇಳು.